ಕಾದವರ ಹೊತ್ತು ಯಾರ ಲೆಕ್ಕಕ್ಕೆ?

ಕಂಪ್ಯೂಟರು, ಮೊಬೈಲು, ಬ್ಯಾಂಕಿನ ಆ್ಯಪ್ ಅಥವಾ ಸರ್ಕಾರಿ ಪೋರ್ಟಲ್ ಕೈಕೊಟ್ಟಾಗ ಅದನ್ನು ಸರಿಪಡಿಸಿಕೊಡುವ ಕೆಲಸಕ್ಕೆ ತಾಂತ್ರಿಕ ನೆರವು ಎಂದೂ ಆಡುಮಾತಿನಲ್ಲಿ ಕಸ್ಟಮರ್ ಕೇರ್ ಎಂದೂ ಹೆಸರು. ಈ ಕೆಲಸದ ಬಗ್ಗೆ ಕೇಳಿಬರುವ ದೂರುಗಳು ಬಹುಪಾಲು ಒಂದೇ ಬಗೆಯವು: ಫೋನು ಎತ್ತುವವರಿಲ್ಲ, ಎತ್ತಿದವರಿಗೆ ವಿಷಯ ಗೊತ್ತಿಲ್ಲ, ಗೊತ್ತಿರುವವರವರೆಗೆ ಕರೆ ಹೋಗುವುದಿಲ್ಲ. ಇದನ್ನು ಸಿಬ್ಬಂದಿಯ ಅಸಡ್ಡೆಯೆಂದೋ ಬಳಕೆದಾರರ ಅಜ್ಞಾನವೆಂದೋ ಹೇಳಿ ಮುಗಿಸುವುದು ವಾಡಿಕೆ. ಆದರೆ ಈ ವ್ಯವಸ್ಥೆ ಬೆಳೆದುಬಂದ ದಾರಿಯನ್ನು ಹಿಡಿದು ಹೋದರೆ, ನೆರವು ಕೊಡುವ ಕಡೆಯ ಸೆಕೆಂಡು ಸೆಕೆಂಡನ್ನೂ ಎಣಿಸುವ, ನೆರವು ಬೇಡುವ ಕಡೆಯ ಗಂಟೆಗಳನ್ನು ಮಾತ್ರ ಎಲ್ಲಿಯೂ ಬರೆದಿಡದ ಒಂದು ಲೆಕ್ಕಪದ್ಧತಿ ಇದರ ಬುಡದಲ್ಲಿರುವುದು ಕಾಣುತ್ತದೆ. ನಿತ್ಯದ ಕಿರಿಕಿರಿಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಲೆಕ್ಕದಿಂದಲೇ.

ಕಾಯುವಿಕೆಯನ್ನು ಗಣಿತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಈ ಗಣಿತಜ್ಞರು, ಕರೆಗಳು ಗೊತ್ತಾದ ವೇಳೆಯಿಲ್ಲದೆ ಬರುವ ರೀತಿಯ ಕುರಿತು 1909ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, 1917ರಲ್ಲಿ ಕರೆ ಸಿಗದೆ ಹೋಗುವ ಮತ್ತು ಕಾಯಬೇಕಾಗುವ ಸಂಭವವನ್ನು ಲೆಕ್ಕಹಾಕುವ ಸೂತ್ರಗಳನ್ನು ಕೊಟ್ಟರು. ಇಂದಿಗೂ ಕಾಲ್‌ಸೆಂಟರುಗಳಲ್ಲಿ ಯಾವ ಪಾಳಿಗೆ ಎಷ್ಟು ಜನ ಬೇಕೆಂದು ತೀರ್ಮಾನಿಸುವಾಗ ಬಳಸುವ ಲೆಕ್ಕಕ್ಕೆ ಅವರದೇ ಹೆಸರಿದೆ. ಈ ಗಣಿತದ ಅತ್ಯಂತ ಸರಳ ಮಾದರಿಯನ್ನು ತೆಗೆದುಕೊಂಡರೂ ಒಂದು ಸತ್ಯ ಎದ್ದುಕಾಣುತ್ತದೆ. ಒಬ್ಬರೇ ಕುಳಿತಿರುವ ಒಂದು ಕೌಂಟರಿಗೆ ಜನ ತಮತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೂ ಹೆಚ್ಚುಕಡಿಮೆಯಾಗಿ ಸರಾಸರಿ 5 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಕುಳಿತವರು ದಿನದ ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದಾಗ ಸರದಿಯಲ್ಲಿ ಕಾಯುವ ಸರಾಸರಿ ಅವಧಿ 20 ನಿಮಿಷ. ಶೇ 90ರಷ್ಟಾದಾಗ 45 ನಿಮಿಷ. ಶೇ 95ಕ್ಕೇರಿದಾಗ 95 ನಿಮಿಷ. ಸಿಬ್ಬಂದಿಯ ಬಿಡುವನ್ನು ಇನ್ನಷ್ಟು ಹಿಂಡಿದ ಹಾಗೆಲ್ಲ ಕಾಯುವವರ ಹೊತ್ತು ಮಿತಿಮೀರಿ ಬೆಳೆಯುತ್ತದೆ. ನೂರಾರು ಜನ ಒಂದೇ ಸರದಿಯನ್ನು ಹಂಚಿಕೊಂಡು ನಿಭಾಯಿಸುವ ದೊಡ್ಡ ಕಾಲ್‌ಸೆಂಟರಿನಲ್ಲಿ ಏರಿಕೆ ಇಷ್ಟು ಕಡಿದಾಗಿರುವುದಿಲ್ಲವಾದರೂ ಅದರ ದಿಕ್ಕು ಇದೇ. ಖಾಲಿ ಕುಳಿತ ಸಿಬ್ಬಂದಿಯನ್ನು ದಂಡವೆಂದು ಭಾವಿಸುವ ಆಡಳಿತವು, ಆ ಖಾಲಿತನವೇ ಗ್ರಾಹಕರಿಗೆ ಸಿಗುವ ಸೇವೆ ಎಂಬುದನ್ನು ಸಲೀಸಾಗಿ ಮರೆಯುತ್ತದೆ.

ಲೆಕ್ಕವನ್ನು ಗ್ರಾಹಕರ ಕಡೆಗೆ ಸರಿಸಿದ ಎರಡನೆಯ ಸಾಧನ ಗುಂಡಿ ಒತ್ತುವ ಫೋನು. ಒಂದೊಂದು ಅಂಕಿಗೂ ಒಂದೊಂದು ಸ್ವರಜೋಡಿ ಹೊರಡಿಸುವ ಈ ಬಗೆಯ ಫೋನನ್ನು ಅಮೆರಿಕದ ಬೆಲ್ ಸಂಸ್ಥೆ 1963ರ ನವೆಂಬರಿನಲ್ಲಿ ಬಳಕೆಗೆ ತಂದಿತು. ಆ ಸ್ವರಗಳನ್ನು ಯಂತ್ರ ಗುರುತಿಸಬಲ್ಲುದಾದ್ದರಿಂದ ಮುಂದೆ 'ಇದಕ್ಕಾಗಿ ಒಂದನ್ನು ಒತ್ತಿ, ಅದಕ್ಕಾಗಿ ಎರಡನ್ನು ಒತ್ತಿ' ಎನ್ನುವ ಐವಿಆರ್ ವ್ಯವಸ್ಥೆ, ಅಂದರೆ ಕರೆ ಮಾಡಿದವರನ್ನು ಮುದ್ರಿತ ಧ್ವನಿಯೇ ವಿಚಾರಿಸಿ ವಿಂಗಡಿಸುವ ವ್ಯವಸ್ಥೆ, ಸಾಧ್ಯವಾಯಿತು. ಹಿಂದೆ ಆಪರೇಟರ್ ಮಾಡುತ್ತಿದ್ದ ವಿಂಗಡಣೆಯ ಕೆಲಸ ಇದರಿಂದ ಸಂಬಳವಿಲ್ಲದೆ ಕರೆ ಮಾಡಿದವರ ಹೆಗಲೇರಿತು. ತಮ್ಮ ತೊಂದರೆ ಯಾವ ಅಂಕಿಯಡಿ ಬರುತ್ತದೆಂದು ಅವರೇ ಊಹಿಸಬೇಕು. ಊಹೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಕನ್ನಡಕ್ಕೆಂದು ಸೂಚಿಸಿದ ಅಂಕಿಯನ್ನೇ ಒತ್ತಿ ಕಾದವರಿಗೆ ಕೊನೆಗೆ ಹಿಂದಿಯಲ್ಲಿ ಮಾತಾಡುವವರು ಸಿಗುವುದು ಕರ್ನಾಟಕದಲ್ಲಿ ಹಳೆಯ ದೂರು.

ಈ ಇಡೀ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲ ನಗರಗಳಲ್ಲಿ ಬೆಂಗಳೂರೂ ಒಂದು. 1990ರ ದಶಕದ ಕೊನೆ ಮತ್ತು 2000ರ ದಶಕದ ಆರಂಭದಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನ ಕಂಪನಿಗಳ ನೆರವಿನ ಕರೆಗಳು ಇಲ್ಲಿಗೆ ತಿರುಗತೊಡಗಿದಾಗ, ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತಾದರೆ ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಸಂಜೆ ಏಳೂವರೆ, ಬೇಸಿಗೆಯಲ್ಲಿ ಆರೂವರೆ ಆಗಿರುವುದರಿಂದ, ಊರು ಮಲಗುವ ಹೊತ್ತಿಗೆ ಪಾಳಿಗೆ ಹೊರಡುವ ಒಂದು ತಲೆಮಾರೇ ರೂಪುಗೊಂಡಿತು. ಉಚ್ಚಾರಣೆಯಿಂದ ಊರಿನ ಸೊಗಡು ತೆಗೆಯುವ ತರಬೇತಿ, ಗ್ರಾಹಕರ ನಾಲಗೆಗೆ ಹೊಂದುವ ಇಟ್ಟಹೆಸರು, ರಾತ್ರಿಯ ಕ್ಯಾಬು, 'ವಾಯ್ಸ್ ಪ್ರೊಸೆಸ್' ಎಂಬ ಮಾತು, ಇವೆಲ್ಲ ಆ ಕಾಲದ ಕಾಣಿಕೆ.

ಕಾಲ್‌ಸೆಂಟರಿನ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಭಾಗಿಸಲಾಗಿರುತ್ತದೆ. ಕರೆಯನ್ನು ಮೊದಲು ಎತ್ತುವವರು ಎಲ್1, ಅಂದರೆ ಮೊದಲ ಹಂತದವರು. ಅವರ ಮುಂದೆ ತೆರೆಯ ಮೇಲೆ ಒಂದು ಸ್ಕ್ರಿಪ್ಟ್ ಇರುತ್ತದೆ, ಅದರಲ್ಲಿ ಕೇಳಬೇಕಾದ ಪ್ರಶ್ನೆಗಳೂ ಉತ್ತರಕ್ಕೆ ತಕ್ಕಂತೆ ಹೇಳಬೇಕಾದ ಮುಂದಿನ ಮಾತೂ ಕ್ರಮವಾಗಿ ಬರೆದಿರುತ್ತವೆ. ಅದರಲ್ಲಿ ಬಗೆಹರಿಯದ್ದು ಎಲ್2ಕ್ಕೆ, ಅಲ್ಲಿಯೂ ಬಗೆಹರಿಯದ್ದು ಉತ್ಪನ್ನವನ್ನು ತಯಾರಿಸಿದ ಎಂಜಿನಿಯರುಗಳಿಗೆ ಹತ್ತಿರವಿರುವ ಎಲ್3ಕ್ಕೆ ಹೋಗಬೇಕು. ಹೀಗೆ ಮೇಲಕ್ಕೆ ದಾಟಿಸುವುದಕ್ಕೆ ಎಸ್ಕಲೇಷನ್ ಎನ್ನುತ್ತಾರೆ. ಪ್ರತಿ ದೂರಿಗೂ ಒಂದು ಸಂಖ್ಯೆಯಿರುತ್ತದೆ, ಅದು ಟಿಕೆಟ್. ಇನ್ನು ಕೆಲಸದ ಗುಣವನ್ನು ಅಳೆಯುವ ಮುಖ್ಯ ಮಾಪಕ ಎಎಚ್‌ಟಿ: ಮಾತಾಡಿದ ಹೊತ್ತು, ಗ್ರಾಹಕರನ್ನು ಹೋಲ್ಡಿನಲ್ಲಿಟ್ಟ ಹೊತ್ತು, ಕರೆ ಮುಗಿದ ಬಳಿಕ ವಿವರ ದಾಖಲಿಸಿದ ಹೊತ್ತು, ಈ ಮೂರನ್ನೂ ಕೂಡಿ ತೆಗೆದ ಸರಾಸರಿ. ಇದರಲ್ಲಿ ಗಮನಿಸಬೇಕಾದ್ದೆಂದರೆ, ಕರೆ ಎತ್ತುವ ಮುನ್ನ ಗ್ರಾಹಕರು ಸಂಗೀತ ಕೇಳುತ್ತ ಕಳೆದ ಹೊತ್ತು ಈ ಮಾಪಕದೊಳಗೆ ಬರುವುದೇ ಇಲ್ಲ. ಅದಕ್ಕೆ ಬೇರೆ ಅಂಕಿಅಂಶ ಇದ್ದರೂ ಇಂತಿಷ್ಟು ಸೆಕೆಂಡಿನೊಳಗೆ ಇಂತಿಷ್ಟು ಶೇಕಡ ಕರೆ ಎತ್ತಬೇಕೆಂಬ ರೂಪದಲ್ಲಿ ಅದನ್ನು ಹೇಳುವುದು ರೂಢಿ. ಆ ಶೇಕಡದ ಹೊರಗುಳಿದ ನತದೃಷ್ಟರು ಎಷ್ಟು ಕಾದರೂ ಅಂಕಿ ಕೆಡುವುದಿಲ್ಲ.

ಒಂದು ಮಾಪಕವನ್ನೇ ಗುರಿಯಾಗಿಸಿದರೆ ಅದರ ಅಳೆಯುವ ಶಕ್ತಿ ಕುಂದುತ್ತದೆ ಎಂಬ ತತ್ವವನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಮಂಡಿಸಿದ್ದರು. ಅದಕ್ಕೆ ಕಾಲ್‌ಸೆಂಟರಿನ ಫ್ಲೋರಿಗಿಂತ ಸೊಗಸಾದ ಉದಾಹರಣೆ ಸಿಗಲಾರದು. ಕರೆ ಬೇಗ ಮುಗಿಯಬೇಕೆಂಬುದು ಗುರಿಯಾದಾಗ, ಮೊದಲ ಹಂತದವರಿಗೆ ತೊಂದರೆಯ ಬುಡ ಹುಡುಕುವುದು ನಷ್ಟದ ಬಾಬತ್ತು. ಮೋಡೆಮ್ ಆಫ್ ಮಾಡಿ ಆನ್ ಮಾಡಲು ಹೇಳಿ, ಇಪ್ಪತ್ತನಾಲ್ಕು ಗಂಟೆ ನೋಡಿ ಎಂದು ಕರೆ ಮುಗಿಸುವುದು ಲಾಭದ್ದು. ಗ್ರಾಹಕರು ಮರುದಿನ ಮತ್ತೆ ಕರೆ ಮಾಡಿದರೆ ಅದು ಇನ್ನೊಬ್ಬರ ಪಾಳಿಯ ಇನ್ನೊಂದು ಕರೆ, ಹಲವೊಮ್ಮೆ ಇನ್ನೊಂದು ಟಿಕೆಟ್. ಹೇಳಿದ್ದನ್ನೇ ಹೊಸಬರಿಗೆ ಮೊದಲಿನಿಂದ ಹೇಳುವ ಗ್ರಾಹಕರ ಬೇಸರವೂ, ಬೈಗುಳವನ್ನು ನಯವಾದ ದನಿಯಲ್ಲಿ ಸಹಿಸುತ್ತ ಗಡಿಯಾರ ನೋಡುವ ಸಿಬ್ಬಂದಿಯ ಬೇಸರವೂ ಒಂದೇ ಅಂಕಿಯ ಎರಡು ಬದಿಗಳಲ್ಲಿ ಹುಟ್ಟುತ್ತವೆ.

ಯಾರ ಹೊತ್ತಿಗೆ ಬೆಲೆ, ಯಾರದಕ್ಕಿಲ್ಲ ಎಂಬುದನ್ನು ತೋರಿಸುವ ಒಂದು ಪ್ರಸಂಗ ಬೆಂಗಳೂರಿನ ಈ ಚರಿತ್ರೆಯಲ್ಲಿಯೇ ಇದೆ. 2001ರಲ್ಲಿ ಇಲ್ಲಿ ಕೇಂದ್ರ ತೆರೆದಿದ್ದ ಡೆಲ್ ಕಂಪನಿಯು, ಗ್ರಾಹಕರ ಅಸಮಾಧಾನದ ಹಿನ್ನೆಲೆಯಲ್ಲಿ 2003ರ ನವೆಂಬರಿನಲ್ಲಿ ಆಪ್ಟಿಪ್ಲೆಕ್ಸ್ ಮತ್ತು ಲ್ಯಾಟಿಟ್ಯೂಡ್ ಕಂಪ್ಯೂಟರುಗಳಿಗೆ ಸಂಬಂಧಿಸಿದ ಕರೆಗಳನ್ನು ಬೆಂಗಳೂರಿಗೆ ಕಳಿಸುವುದನ್ನು ನಿಲ್ಲಿಸಿ ಅಮೆರಿಕದ ಕೇಂದ್ರಗಳಿಗೆ ಮರಳಿಸಿತು. ಆಗ ಪತ್ರಿಕೆಗಳಲ್ಲಿ ನಡೆದ ಚರ್ಚೆಯೆಲ್ಲ ಉಚ್ಚಾರಣೆಯ ಸುತ್ತ, ಸ್ಕ್ರಿಪ್ಟಿನ ಸುತ್ತ, ಕೆಲಸ ದೇಶ ಬಿಟ್ಟುಹೋಗುವುದರ ಸುತ್ತ ಇತ್ತು. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೆಂದರೆ, ಆ ಎರಡೂ ಮಾದರಿಗಳು ಕಂಪನಿಗಳು ಸಗಟಾಗಿ ಕೊಳ್ಳುವಂಥವು. ಮನೆಬಳಕೆಯ ಕಂಪ್ಯೂಟರ್ ಕೊಂಡವರ ಕರೆಗಳು ಬೆಂಗಳೂರಿಗೆ ಬರುವುದು ನಿಲ್ಲಲಿಲ್ಲ. ಸಾವಿರ ಯಂತ್ರ ಕೊಳ್ಳುವ ಕಂಪನಿಯ ನೌಕರರು ಕಾದರೆ ಆ ಹೊತ್ತಿನ ಸಂಬಳ ಯಾರದೋ ಖರ್ಚಿನ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಒಂದೇ ಯಂತ್ರವಿರುವವರು ಕಾದರೆ ಅದು ಯಾವ ಪುಟದಲ್ಲಿಯೂ ಕಾಣುವುದಿಲ್ಲ.

ಹಾಗೆಂದು ಎಲ್ಲವೂ ಲೆಕ್ಕದ ಕೇಡೇ ಅಲ್ಲ. ದೂರದಿಂದ ನೆರವಾಗುವ ಕೆಲಸದಲ್ಲಿಯೇ ಒಂದು ಕಷ್ಟ ಹುದುಗಿದೆ. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ತಾನೇ ಸೂಚನೆ ಕೊಟ್ಟು ಬಳಕೆದಾರರನ್ನು ನಡೆಸಬೇಕಿದ್ದ ಒಂದು ನಕಲು ಯಂತ್ರದ ಮುಂದೆ ಜನ ಪಡುವ ಪಾಡನ್ನು ಅಧ್ಯಯನ ಮಾಡಿ 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಚ್ಚಳ ತೆರೆಯಿತು, ಗುಂಡಿ ಒತ್ತಲಾಯಿತು ಎಂಬಂಥ ಕೆಲವೇ ಸಂಗತಿಗಳು ಯಂತ್ರಕ್ಕೆ ತಿಳಿಯುತ್ತಿದ್ದವು. ಮುಂದೆ ನಿಂತವರ ಗೊಂದಲ, ಪಿಸುಮಾತು, ತಪ್ಪು ಊಹೆ ಯಾವುದೂ ಅದಕ್ಕೆ ಕಾಣುತ್ತಿರಲಿಲ್ಲವಾದ್ದರಿಂದ ಅದು ಸರಿಯಾದ ಸೂಚನೆಯನ್ನು ತಪ್ಪು ಗಳಿಗೆಯಲ್ಲಿ ಕೊಡುತ್ತಿತ್ತು. ಆ ಕಾಲದ ಒಂದು ಚಿತ್ರೀಕರಣದಲ್ಲಿ ಕಾಗದದ ಎರಡೂ ಬದಿಗೆ ನಕಲು ತೆಗೆಯಲು ಹೆಣಗುವ ಇಬ್ಬರಲ್ಲಿ ಒಬ್ಬರು ಅಲೆನ್ ನ್ಯೂವೆಲ್. ಅವರು 1975ರಲ್ಲಿಯೇ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಬಳಕೆದಾರರ ದಡ್ಡತನದ ಕುರಿತು ಜೋಕು ಹೇಳುವವರು ನೆನಪಿಡಬೇಕಾದ ದೃಶ್ಯ ಅದು. ಅದೇ ಕೇಂದ್ರದ ಜೂಲಿಯನ್ ಓರ್, ನಕಲು ಯಂತ್ರ ರಿಪೇರಿ ಮಾಡುವವರ ಜೊತೆ ಓಡಾಡಿ 1996ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆ ಜನ ಕೈಪಿಡಿಗಿಂತ ಹೆಚ್ಚಾಗಿ ನಂಬುವುದು ಊಟ ತಿಂಡಿಯ ನಡುವೆ ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಹಳೆಯ ರಿಪೇರಿಗಳ ಕತೆಗಳನ್ನು ಎಂದು ತೋರಿಸಿದರು. ಮಾತು ಉದ್ದವಾದಷ್ಟೂ ದಂಡ ಎನ್ನುವ ಕಡೆ ಇಂಥ ಕತೆಗಳಿಗೆ ಜಾಗವಿಲ್ಲ.

ಇದೇ ಕಷ್ಟ, ಸಂಬಳವೂ ಸ್ಕ್ರಿಪ್ಟೂ ಇಲ್ಲದೆ, ಈಗ ಮನೆಮನೆಯಲ್ಲಿ ನಡೆಯುತ್ತಿದೆ. ಊರಿನಲ್ಲಿರುವ ತಾಯಿಗೂ ಬೆಂಗಳೂರಿನಲ್ಲಿರುವ ಮಗನಿಗೂ ವಿಡಿಯೊ ಕಾಲಿನಲ್ಲಿ ನಡೆಯುವ ಸಂಭಾಷಣೆಯ ಮಾದರಿಯೊಂದನ್ನು ಹೀಗೆ ಬರೆಯಬಹುದು:

"ಅಮ್ಮ, ಮೇಲೆ ಬಲಗಡೆ ಮೂರು ಚುಕ್ಕಿ ಇದೆಯಲ್ಲ, ಅದನ್ನ ಒತ್ತು."

"ಚುಕ್ಕಿ ಎಲ್ಲಿದೆ ಮಾರಾಯ? ಎಡಗಡೆ ಮೂರು ಗೀಟಿದೆ."

"ಸರಿ, ಅದನ್ನೇ ಒತ್ತು."

"ಒತ್ತಿದೆ. ಎಲ್ಲ ಹೋಯ್ತು."

"ಎಲ್ಲ ಅಂದ್ರೆ?"

"ಎಲ್ಲ ಅಂದ್ರೆ ಎಲ್ಲ. ನಿನ್ನ ಮುಖವೂ ಹೋಯ್ತು."

ಇಲ್ಲಿ ಇಬ್ಬರ ವಿವರಣೆಯೂ ಸರಿಯಾಗಿಯೇ ಇದೆ. ಮೂರು ಗೀಟಿನ ಆ ಚಿಹ್ನೆಯನ್ನು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ರೂಪಿಸಿದ್ದರು. ಒಳಗೆ ಒಂದು ಪಟ್ಟಿಯಿದೆ ಎಂಬ ಸೂಚನೆ ಅದರಲ್ಲಿದೆ. ಮೂರು ಚುಕ್ಕಿಯ ಕೆಲಸವೂ ಹೆಚ್ಚುಕಡಿಮೆ ಅದೇ. ಯಾವ ಆ್ಯಪಿನಲ್ಲಿ ಯಾವುದು, ಯಾವ ಮೂಲೆಯಲ್ಲಿ ಎಂಬುದಕ್ಕೆ ನಿಯಮವಿಲ್ಲ, ಮೇಲಾಗಿ ಪ್ರತಿ ಅಪ್‌ಡೇಟ್ ಬಂದಾಗಲೂ ಜಾಗ ಬದಲಾಗಬಹುದು. ಮಗ ತನ್ನ ಮೊಬೈಲಿನ ನೆನಪಿನಿಂದ ಹೇಳುತ್ತಾನೆ, ತಾಯಿ ತನ್ನ ಕಣ್ಣೆದುರಿನ ತೆರೆಯನ್ನು ನೋಡಿ ಉತ್ತರಿಸುತ್ತಾರೆ, ಇಬ್ಬರ ಮುಂದೆಯೂ ಇರುವುದು ಒಂದೇ ತೆರೆಯಲ್ಲ. ವಿಡಿಯೊ ಕಾಲ್ ಹಿನ್ನೆಲೆಗೆ ಸರಿದು ಮುಖ ಮರೆಯಾದದ್ದನ್ನು 'ಎಲ್ಲ ಹೋಯ್ತು' ಎನ್ನುವುದಕ್ಕಿಂತ ನಿಖರವಾಗಿ ಹೇಳುವುದು, ಆ ಹಿನ್ನೆಲೆಯೆಂಬುದು ಇದೆಯೆಂದೇ ಗೊತ್ತಿಲ್ಲದವರಿಗೆ ಸಾಧ್ಯವಿಲ್ಲ.

ಕೊನೆಗೆ ಮಗ ಹೇಳುವುದೂ ಆಫ್ ಮಾಡಿ ಆನ್ ಮಾಡು ಎಂದೇ. ಈ ಸಲಹೆ ನಗೆಪಾಟಲಾಗಿದ್ದರೂ ಅದರಲ್ಲಿ ತಿರುಳಿದೆ. ಯಂತ್ರ ಓಡುತ್ತಿರುವಾಗ ಅದರ ತಾತ್ಕಾಲಿಕ ಸ್ಮೃತಿಯಲ್ಲಿ ಸಾವಿರಾರು ಬದಲಾವಣೆಗಳು ಸೇರುತ್ತ ಹೋಗುತ್ತವೆ. ಅವುಗಳಲ್ಲೊಂದು ತಂತ್ರಾಂಶ ಬರೆದವರು ಊಹಿಸದ ಸ್ಥಿತಿಗೆ ಯಂತ್ರವನ್ನು ತಂದು ನಿಲ್ಲಿಸಿದರೆ ಅಲ್ಲಿಂದ ಹೊರಬರುವ ದಾರಿ ಬರೆದಿರುವುದಿಲ್ಲ. ಆಫ್ ಮಾಡಿದರೆ ಆ ಸ್ಮೃತಿ ಅಳಿದು, ಬರೆದವರು ಪರೀಕ್ಷಿಸಿ ನೋಡಿದ ಆರಂಭದ ಸ್ಥಿತಿಗೆ ಯಂತ್ರ ಮರಳುತ್ತದೆ. ಆದರೆ ತೊಂದರೆ ಯಾಕೆ ಬಂತೆಂಬುದರ ಕುರುಹೂ ಅದರೊಂದಿಗೆ ಬಹುಮಟ್ಟಿಗೆ ಅಳಿಯುತ್ತದೆ. ಟಿಕೆಟ್ ಮುಚ್ಚುತ್ತದೆ, ಕಾರಣ ಉಳಿಯುತ್ತದೆ, ಮುಂದಿನ ವಾರ ಮತ್ತೆ ಕರೆ ಬರುತ್ತದೆ. ನ್ಯೂಜೆರ್ಸಿಯ ಗ್ರಾಹಕರಿಗಾಗಿ ಬೆಂಗಳೂರಿನವರು ರಾತ್ರಿ ಎದ್ದಿರುವಂತೆ, ಸಾಗರದಲ್ಲಿರುವ ತಂದೆಯ ಮೊಬೈಲಿಗಾಗಿ ನ್ಯೂಜೆರ್ಸಿಯ ಕನ್ನಡಿಗರು ತಮ್ಮ ರಾತ್ರಿ ಎದ್ದಿರುತ್ತಾರೆ. ಮೊದಲನೆಯವರಿಗೆ ಪಾಳಿಯ ಸಂಬಳವಾದರೂ ಇದೆ.

ಅಧಿಕೃತ ನೆರವು ಸಿಗುವುದು ದುಸ್ತರವಾದಷ್ಟೂ ನಕಲಿ ನೆರವಿನ ವ್ಯಾಪಾರ ಕುದುರುತ್ತದೆ. ಕಂಪನಿಯ ಜಾಲತಾಣದಲ್ಲಿ ಫೋನ್ ನಂಬರು ಸಿಗದೆ ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗಲೆಂದೇ ಕಳ್ಳರು ತಮ್ಮ ನಂಬರುಗಳನ್ನು ಅಲ್ಲಿ ಬಿತ್ತಿರುತ್ತಾರೆ, ಮತ್ತು ಆ ನಂಬರನ್ನು ಮೊದಲ ರಿಂಗಿಗೇ ಎತ್ತುತ್ತಾರೆ. ದೂರದಿಂದಲೇ ಇನ್ನೊಬ್ಬರ ತೆರೆಯನ್ನು ನೋಡಲು, ನಡೆಸಲು ಬರುವ ಎನಿಡೆಸ್ಕ್‌ನಂಥ ತಂತ್ರಾಂಶ ನಿಜವಾದ ನೆರವಿನವರಿಗೆ ಬಲು ಉಪಕಾರಿ. ಅದನ್ನು ಹಾಕಿಸಿಕೊಂಡು ಸಂಖ್ಯೆಯ ಕೋಡ್ ಪಡೆದು ಬ್ಯಾಂಕ್ ಖಾತೆ ಬರಿದುಮಾಡುವ ವಂಚನೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ವಿದೇಶಿಯರನ್ನು ನಂಬಿಸಿ ಹಣ ಕೀಳುತ್ತಿದ್ದ ನಕಲಿ ಕಾಲ್‌ಸೆಂಟರುಗಳ ಮೇಲೆ, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳ ಮೇರೆಗೆ, ಸಿಬಿಐ 2023ರ ಅಕ್ಟೋಬರಿನಲ್ಲಿ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿತು. ಹೀಗೆ ಹಣ ಕಳೆದುಕೊಂಡವರು ಕೂಡಲೇ ಕರೆ ಮಾಡಬೇಕಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1930. ಅಲ್ಲಿಯೂ ಹೊತ್ತೇ ಮುಖ್ಯ, ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಹಿಡಿಯಬೇಕಾಗುತ್ತದೆ.

ಈಚೆಗೆ ಮೊದಲ ಹಂತದ ಕುರ್ಚಿಯಲ್ಲಿ ಮನುಷ್ಯರ ಬದಲು ಚಾಟ್‌ಬಾಟ್, ಅಂದರೆ ಬರಹದಲ್ಲಿ ಸಂಭಾಷಿಸುವ ತಂತ್ರಾಂಶ, ಕುಳಿತಿದೆ. ಇದರ ಮೂಲಪುರುಷ 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲೈಜಾ; ಎದುರಿನವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳಿ, ಆಲಿಸುತ್ತಿರುವ ಭ್ರಮೆ ಹುಟ್ಟಿಸುವುದು ಅದರ ಉಪಾಯ. ಈಗಿನವು ಅದಕ್ಕಿಂತ ಬಹಳ ಜಾಣ. ಆದರೂ ಬಳಕೆದಾರರ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಜಾಣತನದ್ದಲ್ಲ. ಮನುಷ್ಯರ ಬಳಿಗೆ ಹೋಗುವ ಬಾಗಿಲನ್ನು ಅದು ತೋರಿಸುತ್ತದೆಯೋ ಮರೆಸುತ್ತದೆಯೋ ಎಂಬುದು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ತಲುಪಿದ್ದನ್ನು ತಿಳಿಸುವ ಷರತ್ತು ತಾನೇ ಹೊರಡುವ ಒಂದು ಇಮೇಲ್‌ನಿಂದ ಪೂರೈಸಿಬಿಡುತ್ತದೆ. ಪರಿಹಾರವಾಯಿತೇ ಎಂಬುದರಲ್ಲಿ ಮಾತ್ರ ಸಂಸ್ಥೆಯ ದಾಖಲೆಗೂ ದೂರುದಾರರ ಅನುಭವಕ್ಕೂ ತಾಳೆಯಾಗದೆ ಹೋಗುವುದುಂಟು.

ಕರ್ನಾಟಕದ ಹಳ್ಳಿ, ಹೋಬಳಿಗಳಲ್ಲಿ ತಾಂತ್ರಿಕ ನೆರವೆಂದರೆ ಫೋನಿನ ಆ ತುದಿಯ ದನಿಯಲ್ಲ. ಸೈಬರ್ ಸೆಂಟರಿನವರು, ಗ್ರಾಮ ಒನ್ ಕೇಂದ್ರದವರು, ನ್ಯಾಯಬೆಲೆ ಅಂಗಡಿಯವರು. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ಇ-ಕೆವೈಸಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇವರ ಕೈಮೇಲೆ ಹಾಯ್ದು ಹೋಗುತ್ತವೆ. ಇವರು ಒಂದೇ ವೇಳೆಗೆ ಸರ್ಕಾರದ ಪೋರ್ಟಲಿನ ಬಳಕೆದಾರರೂ ಹೌದು, ಜನರ ಪಾಲಿಗೆ ಎಲ್1ರಿಂದ ಎಲ್3ರವರೆಗಿನ ಎಲ್ಲ ಹಂತಗಳೂ ಹೌದು. ಜಾಲ ಕೈಕೊಟ್ಟ ದಿನ ಕೌಂಟರಿನಲ್ಲಿ ಕೇಳಿಬರುವ ಉತ್ತರ ರಾಜ್ಯದುದ್ದಕ್ಕೂ ಒಂದೇ: 'ಸರ್ವರ್ ಇಲ್ಲ'. ತಂತ್ರಾಂಶದ ದೋಷ, ಇಂಟರ್‌ನೆಟ್ ಕಡಿತ, ಒಟಿಪಿ ಬಾರದಿರುವುದು, ಆಧಾರ್‌ನಲ್ಲಿ ಹೆಸರಿನ ಅಕ್ಷರ ಹೊಂದದಿರುವುದು, ಇವೆಲ್ಲಕ್ಕೂ ಸಲ್ಲುವ ಈ ಎರಡು ಮಾತಿನ ಎದುರು ವಾದಿಸಲು ಯಾರಿಗೂ ಆಗುವುದಿಲ್ಲ, ಹೇಳುವವರಿಗೂ ಅದಕ್ಕಿಂತ ಹೆಚ್ಚು ತಿಳಿದಿರುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರದ ಮುಂದೆ ಕಾಣುವುದು ಇನ್ನೊಂದು ಬಗೆಯ ತಡೆ. ಮಣ್ಣು, ಸಿಮೆಂಟು, ಪಾತ್ರೆಯ ನೀರಿನಲ್ಲಿ ಸವೆದ ಬೆರಳಿನ ರೇಖೆಗಳನ್ನು ಯಂತ್ರ ಗುರುತಿಸದೆ ಹೋದಾಗ, ಅಜ್ಜಿಯೊಬ್ಬರು ಸೆರಗಿನಲ್ಲಿ ಬೆರಳೊರೆಸಿ ಹೆಬ್ಬೆಟ್ಟಿನ ಬಳಿಕ ತೋರುಬೆರಳು, ಆಮೇಲೆ ನಡುಬೆರಳು ಎಂದು ಒಂದೊಂದನ್ನೇ ಒತ್ತುತ್ತಾರೆ. ದುಡಿದ ಕೈಯೇ ದೋಷವೆಂದು ತೆರೆಯ ಮೇಲೆ ಮೂಡುತ್ತದೆ.

ಕಾಯುವವರ ಹೊತ್ತಿಗೆ ಕಾನೂನಿನಲ್ಲಿ ಬೆಲೆ ಕಟ್ಟಿದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ ಎಂಬುದು ಈ ಹಿನ್ನೆಲೆಯಲ್ಲಿ ಮಹತ್ವದ ಸಂಗತಿ. ಸಕಾಲ ಎಂದೇ ಹೆಸರಾದ 2011ರ ನಾಗರಿಕ ಸೇವಾ ಖಾತರಿ ಕಾಯ್ದೆಯು, ಗೊತ್ತುಪಡಿಸಿದ ಅವಧಿಯೊಳಗೆ ಸೇವೆ ಸಿಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ, ಅರ್ಜಿದಾರರಿಗೆ ಪರಿಹಾರ ಕೊಡಬೇಕೆನ್ನುತ್ತದೆ. ಮೊತ್ತ ಚಿಕ್ಕದು, ಆದರೆ ಕೌಂಟರಿನ ಈಚೆಗೆ ನಿಂತವರ ದಿನಕ್ಕೂ ಒಂದು ಅಂಕಿ ಬರೆದದ್ದು ದೊಡ್ಡ ಮಾತು, ಖಾಸಗಿ ಕಾಲ್‌ಸೆಂಟರುಗಳ ಯಾವ ಮಾಪಕವೂ ಆ ಕೆಲಸ ಮಾಡಿಲ್ಲ. ತೊಡಕಿರುವುದು ದಿನದ ಎಣಿಕೆ ಶುರುವಾಗುವ ಜಾಗದಲ್ಲಿ. ಅರ್ಜಿ ಸ್ವೀಕೃತವಾಗಿ ಸಕಾಲದ ಸಂಖ್ಯೆಯಿರುವ ಚೀಟಿ ಕೈಸೇರಿದ ಬಳಿಕವಷ್ಟೇ ಅವಧಿ ಓಡುತ್ತದೆ. ಸರ್ವರ್ ಇಲ್ಲದ ದಿನ ಅರ್ಜಿಯೇ ಒಳಹೋಗುವುದಿಲ್ಲವಾದ್ದರಿಂದ ಆ ದಿನದ ಬಸ್ ಚಾರ್ಜು, ಬಿಟ್ಟ ಕೂಲಿ, ಮರುದಿನದ ಇನ್ನೊಂದು ಓಡಾಟ, ಇವು ಯಾವುವೂ ವಿಳಂಬದ ಪಟ್ಟಿಗೆ ಏರುವುದಿಲ್ಲ. ಕೌಂಟರಿಗೆ ಬಂದು ಸರ್ವರ್ ಇಲ್ಲದೆ ಹಿಂದಿರುಗಿದವರಿಗೂ ಹೊತ್ತು ನಮೂದಿಸಿದ ಒಂದು ಚೀಟಿ ಕೊಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಜಾಲ ಯಾವಾಗ ನಿಂತಿತು, ಯಾವಾಗ ಮರಳಿತು ಎಂಬ ದಾಖಲೆ ಅದನ್ನು ನಡೆಸುವವರ ಬಳಿ ಹೇಗೂ ಇಡಬಹುದಾದದ್ದೇ. ಸದ್ಯಕ್ಕೆ ಆ ಲೆಕ್ಕವನ್ನು ಇಟ್ಟುಕೊಂಡಿರುವವರು ಕೇಂದ್ರ ನಡೆಸುವ ಹುಡುಗರೇ: ಅರ್ಧಕ್ಕೆ ನಿಂತ ಅರ್ಜಿಗಳ ಜೆರಾಕ್ಸ್ ಪ್ರತಿಗಳನ್ನು ಒಂದು ಫೈಲಿನಲ್ಲಿ ಸೇರಿಸಿ, ಮೇಲೆ ಫೋನ್ ನಂಬರು ಬರೆಸಿಕೊಂಡು, ರಾತ್ರಿ ಹತ್ತರ ಮೇಲೆ ಜಾಲದ ದಟ್ಟಣೆ ಇಳಿದಾಗ ಒಂದೊಂದಾಗಿ ಅಪ್‌ಲೋಡ್ ಮಾಡುತ್ತಾರೆ, ಒಟಿಪಿ ಕೇಳಲು ಆ ಹೊತ್ತಿನಲ್ಲಿ ಮಲಗಿದವರನ್ನು ಫೋನು ಮಾಡಿ ಎಬ್ಬಿಸುತ್ತಾರೆ.